ಬರಿದು ಮಾಡಬಾರದ ಮಗ್ಗವೂ ಫಾರ್ಮ್ಯಾಟ್ ಬೀಬಿಯೂ

ಚಳ್ಳಕೆರೆಯಲ್ಲಿ ಆಗ ನಂಗೊಂದು ಅಡ್ಡಹೆಸರಿತ್ತು, ಫಾರ್ಮ್ಯಾಟ್ ಬೀಬಿ ಅಂತ. ಇಟ್ಟವರು ಯಾರು ಅಂತ ಗೊತ್ತಾಗಿದ್ರೆ ಸುಮ್ನೆ ಬಿಡ್ತಿರಲಿಲ್ಲ. ಪಾವಗಡ ರಸ್ತೆಯಲ್ಲಿ ಅಬ್ಬಾನ ಟ್ರ್ಯಾಕ್ಟರ್ ರಿಪೇರಿ ಶೆಡ್ಡು, ಅದಕ್ಕೆ ಅಂಟಿಕೊಂಡ ಕೋಣೆಯಲ್ಲಿ ನನ್ನ ಕಂಪ್ಯೂಟರ್ ಕ್ಲಾಸು. ಆ ಕಡೆ ಸುತ್ತಿಗೆ ಸದ್ದು, ಈ ಕಡೆ ಕೀಬೋರ್ಡ್ ಸದ್ದು. ತೊಂಬತ್ತೆಂಟರ ವಿಂಡೋಸ್ ಹಳತಾಗಿ ಎಕ್ಸ್‌ಪಿ ಅನ್ನೋದು ಊರೂರಿಗೆ ಕಾಲಿಡ್ತಿದ್ದ ಕಾಲ ಅದು. ಸುತ್ತಮುತ್ತಲ ಕಂಪ್ಯೂಟರುಗಳೆಲ್ಲ ಒಂದಲ್ಲ ಒಂದು ದಿನ ಗೋಣಿಚೀಲದಲ್ಲಿ ಕೂತು, ಮೊಪೆಡ್ಡಿನ ಹಿಂದೆ ಕಟ್ಟಿಸಿಕೊಂಡು ನನ್ನ ಬಾಗಿಲಿಗೆ ಬರೋವು. ತಂದವರದ್ದೆಲ್ಲ ಒಂದೇ ರಾಗ: "ಇದ್ದದ್ದರ ಮೇಲೇ ಹೊಸದು ಹಾಕಿಕೊಡ್ರಿ ಮೇಡಂ, ಒಳಗಿರೋದು ಮುಟ್ಟಬ್ಯಾಡ್ರಿ."

ಆ ಮಾತು ಕೇಳಿದ್ರೆ ಸಾಕು, ನಂಗೆ ಮೈಯೆಲ್ಲ ಉರಿಯೋದು. ಅಲ್ಲಾ, ವರ್ಷಗಟ್ಟಲೆ ಕಂಡಕಂಡವರ ಫ್ಲಾಪಿ ಹಾಕಿ, ಬೇಕಾದ್ದು ಬೇಡಾದ್ದು ಎಲ್ಲ ತುರುಕಿ ಕೆಡಿಸಿಟ್ಟ ಯಂತ್ರ. ಅದರ ಮೇಲೇ ಹೊಸದು ಹಾಕಿ ಅಪ್‌ಗ್ರೇಡ್ ಅಂದ್ರೆ, ಮೈ ತೊಳೀದೆ ಹೊಸ ಬಟ್ಟೆ ಉಟ್ಟ ಹಾಗೆ. ನಾನು ಅಬ್ಬಾನ ಮಗಳು. ಪರಶುರಾಂಪುರದ ಕಡೆಯಿಂದ ಈರುಳ್ಳಿ ಹೊತ್ತು ದಣಿದ ಟ್ರ್ಯಾಕ್ಟರ್ ತಂದು "ಬರೀ ರಿಂಗ್ ಹಾಕಿಕೊಡ್ರಿ ಸಾಬ್ರೇ" ಅಂತ ಯಾರಾದ್ರೂ ಅಂದ್ರೆ ಅಬ್ಬಾ ನಟ್ಟು ಬಿಚ್ಚೋ ಪಾನಾ ಕೆಳಗಿಟ್ಟು ಬಯ್ಯೋನು. "ಪೂರಾ ಖೋಲೋ, ಧೋಓ, ಫಿರ್ ಬಾಂಧೋ." ಪೂರ್ತಿ ಬಿಚ್ಚು, ತೊಳಿ, ಆಮೇಲೆ ಕಟ್ಟು. ನಾನೂ ಹಂಗೇ. ಬೇಕಾದ ಫೈಲುಗಳನ್ನ ಎತ್ತಿಟ್ಟುಕೊಂಡು, ಡಿಸ್ಕನ್ನ ಒರೆಸಿ ಬೋಳು ಮಾಡಿ, ಹೊಸದಾಗಿ ಶುರು ಮಾಡೋಳು. ಹೆಸರು ಬಂದಿದ್ದು ಹಾಗೆ.

ಇಂಥಾ ನನ್ನನ್ನ ನಿಲ್ಲಿಸಿ ಬೆವರಿಳಿಸಿದ್ದು ಮೊಳಕಾಲ್ಮುರಿನ ಒಂದು ಮನೆ.

ಆ ಮನೆಯ ಸೊಸೆ ಒಂದು ಕಾಲಕ್ಕೆ ಬಸ್ಸಲ್ಲಿ ಬಂದು ನನ್ನ ಕ್ಲಾಸಲ್ಲಿ ಕಲಿತು ಹೋದವಳು. ನನಗಿಂತ ದೊಡ್ಡವಳು, ಅದಕ್ಕೇ ನಾನು ಅಕ್ಕ ಅನ್ನೋದು. ಮನೇಲಿ ತೆಲುಗು, ಬೀದೀಲಿ ಕನ್ನಡ, ಸಿಟ್ಟು ಬಂದ್ರೆ ಎರಡೂ ಕಲಸಿ. ರೇಷ್ಮೆ ಸೀರೆ ನೇಯೋ ಮನೆ ಅದು. ಅಲ್ಲಿ ಸೊಸೆ ಅಂದ್ರೆ ರಾಟೆ ಮುಂದೆ ಕೂತು, ಲಾಳಿಯೊಳಗೆ ಇಡೋ ಕಂಡಿಕೆಗೆ ನೂಲು ಸುತ್ತೋಳು. ಬೆಳಗಿನಿಂದ ಸಂಜೆತನಕ ಗಿರಗಿರ. ಅಕ್ಕ ಆ ರಾಟೆ ಬಿಟ್ಟು ಎದ್ದಿದ್ದು ಕಂಪ್ಯೂಟರಿಂದ. ಅವತ್ತಿಂದ ಕಂಡಿಕೆಯನ್ನ ಹೊರಗೆ ಕೂಲಿ ಕೊಟ್ಟು ಸುತ್ತಿಸ್ತಿದ್ರು, ರಾಟೆ ಅಟ್ಟ ಸೇರಿತ್ತು. ಸೀರೆಯ ಅಂಚಿನ ನವಿಲು, ಬಳ್ಳಿ, ಹಣ್ಣು ಎಲ್ಲಾನೂ ಪರದೆ ಮೇಲೆ ಚೌಕ ಚೌಕವಾಗಿ ತುಂಬೋಳು. ಆ ಹಾಳೆ ನೋಡಿ ರಟ್ಟಿನ ಕಾರ್ಡಿಗೆ ತೂತು ಹೊಡೀತಾರೆ, ಮಗ್ಗದ ಮೇಲಿನ ಜಕಾರ್ಡು ಆ ತೂತಿನ ಪ್ರಕಾರ ಎಳೆ ಎತ್ತುತ್ತೆ, ಸೀರೇಲಿ ನವಿಲು ಮೂಡುತ್ತೆ. ಪಕ್ಕದ ಬೀದಿಯ ಮಗ್ಗದವರೂ "ನಿಮ್ಮ ಸೊಸೆ ಬರೆದ ಅಂಚು ಕೊಡ್ರಿ" ಅಂತ ಬಂದು ಕೇಳೋಷ್ಟು ಚಂದ ಬರೀತಿದ್ಲು. ಗಂಡ ಸೀರೆ ಗಂಟು ಹೊತ್ತು ಬಳ್ಳಾರಿ ಕಡೆ ತಿರುಗೋನು, ಅವನಿಗೆ ಇದೆಲ್ಲ ಹೆಮ್ಮೆ. ಮಾವನಿಗೆ ಮಾತ್ರ ಆ ಡಬ್ಬದ ಮೇಲೆ ಎಂದೂ ನಂಬಿಕೆ ಇರಲಿಲ್ಲ. ಆ ಮಾವ ನೇಯೋದ್ರಲ್ಲಿ ಪಳಗಿದ ಕೈ, ಮನೆಗೆ ಯಜಮಾನ.

ಒಂದು ದಿನ ಅಕ್ಕ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ್ಲು. ಅಳ್ತಾ ಇದ್ಲು.

"ತಂಗೀ, ಡಬ್ಬ ನಿಂತು ನಿಂತು ಹೋಗ್ತೈತೆ. ಮದುವೆ ಸೀರೆದು ದೊಡ್ಡ ಅಂಚು ಬರೀತಾ ಇದೀನಿ. ಆ ಫೈಲು ತೆಗೆದ್ರೆ ಸಾಕು, ಗಪ್ ಅಂತ ಕಲ್ಲಾಗಿ ಕೂತ್ಕೊಂತೈತೆ. ಮಗ್ಗದ ಮೇಲಿರೋ ಹಾಸಿನ ಉದ್ದ ನೂಲು ಮುಗೀತಾ ಬಂತು. ಹೊಸ ಹಾಸು ಏರಿಸೋಷ್ಟರಲ್ಲಿ ಅಂಚು ಕೈಗೆ ಬರದಿದ್ರೆ ಹಳೇ ಕಾರ್ಡೇ ಹಾಕ್ತೀನಿ, ಡಬ್ಬ ಮನೆಯಿಂದ ಆಚೆಗೆ, ನೀನು ರಾಟೆ ಮುಂದಕ್ಕೆ ಅಂತ ಮಾಮಯ್ಯ ಕಡ್ಡಿ ಮುರಿದಂಗೆ ಹೇಳ್ಬಿಟ್ರು."

ನಂಗೆ ಪಿತ್ತ ನೆತ್ತಿಗೇರಿತು. "ಅಳಬ್ಯಾಡ ಸುಮ್ನಿರಕ್ಕ. ನಾಳೆ ಬರ್ತೀನಿ. ಒಂದು ಫಾರ್ಮ್ಯಾಟ್ ಹೊಡೆದ್ರೆ ಕುದುರೆ ಆಗ್ತೈತೆ ಅದು" ಅಂದೆ.

ಮೊಳಕಾಲ್ಮುರಿನ ಕರೆಂಟಿನ ಮೇಲೆ ಭರವಸೆ ಇಡೋ ಹಾಗಿರಲಿಲ್ಲ. ವಿಂಡೋಸ್ ಹಾಕ್ತಾ ಇರುವಾಗ ನಡುವೆ ಕರೆಂಟು ಹೋದ್ರೆ ಮುಗೀತು ಕಥೆ. ಅಬ್ಬಾ ಶೆಡ್ಡಿನಲ್ಲಿದ್ದ ಟ್ರ್ಯಾಕ್ಟರ್ ಬ್ಯಾಟರಿ, ಇನ್ವರ್ಟರ್ ಎರಡನ್ನೂ ಎತ್ತಿ ಬಸ್ಸಿಗೆ ಹತ್ತಿಸಿದ. ಕಂಡಕ್ಟರ್ ನನ್ನ ಕಾಲ ಬುಡದ ಗೋಣಿಚೀಲ ಇಣುಕಿ, "ಇದೇನಮ್ಮಾ, ಟ್ರ್ಯಾಕ್ಟರ್ ಎಲ್ಲಿ ಬಿಟ್ಟೆ?" ಅಂದ. "ಹಿಂದಿನ ಬಸ್ಸಿಗೆ ಬರ್ತೈತೆ, ನೀವು ರೈಟ್ ಅನ್ರಿ" ಅಂದೆ. ಬಸ್ಸೆಲ್ಲ ನಕ್ಕಿತು. ತಳಕು ದಾಟಿ, ಬಿ.ಜಿ. ಕೆರೆ ದಾಟಿ, ಬಂಡೆಗಳ ಗುಡ್ಡ ಕಾಣೋ ಹೊತ್ತಿಗೆ ಬ್ಯಾಟರಿ ಒತ್ತಿ ಒತ್ತಿ ಕಾಲು ಜೋಮು ಹಿಡಿದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ತಳ್ಳೋ ಗಾಡಿ ತಂದು ಕಾಯ್ತಾ ನಿಂತಿದ್ಲು.

ಮನೆ ಒಳಗೆ ಹೋದಾಗ ಯಜಮಾನರು ನೇಯ್ದು ಮುಗಿಸಿದ ಸೀರೆಯನ್ನ ಮಗ್ಗದಿಂದ ಕತ್ತರಿಸ್ತಿದ್ರು. ನೋಡ್ತಾ ನಿಂತೆ. ಕತ್ತರಿಸಿದ್ರು, ಆದ್ರೆ ಪೂರ್ತಿ ಬಿಡಿಸಲಿಲ್ಲ. ಹಣಿಗೆಯ ಹಲ್ಲುಗಳೊಳಗೆ ತೂರಿದ್ದ ಹಳೇ ಎಳೆಗಳ ಒಂದು ಗೇಣು ತುದಿಯನ್ನ ಹಂಗೇ ಉಳಿಸಿದ್ರು. ಹೊಸ ಹಾಸಿನ ಒಂದೊಂದು ಎಳೆಯನ್ನೂ ಈ ಹಳೇ ತುದಿಗೆ ಹೊಸೆದು ಕೂಡಿಸ್ತಾರಂತೆ. ಆಮೇಲೆ ಎಳೆದ್ರೆ ಹೊಸ ನೂಲು ತಾನಾಗಿ ಹಳೇ ದಾರೀಲೇ ನುಸುಳಿ ಬರುತ್ತೆ. ಮಗ್ಗ ಬರಿದಾದ್ರೆ ಎಲ್ಲಾ ಎಳೇನೂ ಮೊದಲಿಂದ ಪೋಣಿಸ್ಬೇಕು, ದಿನಗಟ್ಟಲೆ ಕೆಲಸ. ಅದೂ ಅಲ್ದೆ ಆ ಮನೇಲಿ ಮಗ್ಗ ಬರಿದು ಮಾಡೋದು ಒಲೆ ಆರಿಸಿದಷ್ಟೇ ಕೆಟ್ಟದ್ದು.

ನಾನು ಕಂಪ್ಯೂಟರ್ ಮುಂದೆ ಕೂತು ಫಾರ್ಮ್ಯಾಟ್ ಅಂದಿದ್ದೇ ತಡ, ಅಕ್ಕ ನನ್ನ ಕೈ ಹಿಡ್ಕೊಂಡ್ಲು.

"ಅದೊಂದು ಬ್ಯಾಡ ತಂಗೀ. ಚಿತ್ರ ಬರೆಯೋ ಪ್ರೋಗ್ರಾಮು ಹಾಕಿದೋನು ಸೀಡಿ ಕೊಡ್ಲಿಲ್ಲ. ಆಮೇಲೆ ಊರೇ ಬಿಟ್ಟ. ಅಳಿಸಿದ್ರೆ ಮತ್ತೆ ಎಲ್ಲಿಂದ ತರೋದು? ನನ್ನ ನವಿಲೆಲ್ಲ ಅದರಲ್ಲೇ ತೆರ್ಕೊಳ್ಳೋದು, ಬೇರೆದ್ರಲ್ಲಿ ತೆರ್ಕೊಳ್ಳೋದಿಲ್ಲ."

ಯಜಮಾನರು ಕತ್ತರಿ ಕೆಳಗಿಟ್ಟು ಬಂದ್ರು. "ಅಳಿಸೋದು ಅಂದ್ರೇನು?"

"ಒಳಗಿರೋದೆಲ್ಲ ತೆಗೆದು ಬರಿದು ಮಾಡೋದು ಯಜಮಾನ್ರೇ. ಆಮೇಲೆ ಹೊಸದು ಹಾಕೋದು."

"ವದ್ದಮ್ಮಾ" ಅಂತ ಮೊದಲು ತೆಲುಗಲ್ಲಿ ತಲೆ ಅಲ್ಲಾಡಿಸಿದ್ರು. ಬೇಡವೇ ಬೇಡ ಅಂತ. "ಈ ಮನೇಲಿ ಯಾವುದನ್ನೂ ಬರಿದು ಮಾಡಂಗಿಲ್ಲ. ಇದ್ದದ್ದಕ್ಕೆ ಹೊಸದು ಕೂಡಿಸೋಕೆ ಬಂದ್ರೆ ಮಾಡು. ಇಲ್ಲಾಂದ್ರೆ ಬಿಡು."

ಅಯ್ಯೋ ಖುದಾ! ಮೊಪೆಡ್ಡಿನಲ್ಲಿ ಬರೋ ಗಿರಾಕಿಗಳ ಅದೇ ರಾಗ ಇಲ್ಲೂ! ಗಿರಾಕಿ ಆಗಿದ್ರೆ ಎರಡು ಮಾತು ಬಯ್ದು ಕಳಿಸ್ತಿದ್ದೆ. ಇಲ್ಲಿ ಹಲ್ಲು ಕಚ್ಚಿಕೊಂಡೆ.

ಒಂದು ಒಳ್ಳೇದು ಅಂದ್ರೆ, ನಾನು ಬರುವಾಗ ಕ್ಲಾಸಿನ ಕೆಟ್ಟ ಯಂತ್ರವೊಂದರಿಂದ ಬಿಚ್ಚಿದ ಚೆನ್ನಾಗಿರೋ ಡಿಸ್ಕೊಂದನ್ನ ಸೀರೆ ಸೆರಗಲ್ಲಿ ಸುತ್ತಿ ತಂದಿದ್ದೆ. ಹಳೇ ಡಿಸ್ಕನ್ನ ಇದ್ದಂತೆಯೇ ಅದಕ್ಕೆ ನಕಲು ಇಳಿಸಿದೆ. ಹಳೇದು ಬಿಚ್ಚಿ ಪಕ್ಕಕ್ಕಿಟ್ಟೆ, ನಕಲಿನ ಮೇಲೆ ಎಕ್ಸ್‌ಪಿ ಅಪ್‌ಗ್ರೇಡ್ ಹಾಕಿದೆ. ಹೇಳಿದ ಹಾಗೇ ನಡುವೆ ಕರೆಂಟು ಹೋಯ್ತು. ಮನೆಯ ದೀಪ ಆರಿತು, ಪರದೆ ಆರಲಿಲ್ಲ. ಅಬ್ಬಾನ ಬ್ಯಾಟರಿಗೆ ಒಂದು ಸಲಾಂ ಹೊಡೆದೆ. ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಹೊಸ ಪರದೆ ಬಂತು, ಹಸಿರು ಗುಡ್ಡ, ನೀಲಿ ಆಕಾಶ. ಅಕ್ಕನ ಪ್ರೋಗ್ರಾಮೂ ತೆರೀತು. ಅಕ್ಕ ಚಪ್ಪಾಳೆ ತಟ್ಟಿದ್ಲು. ನಾನು ತಟ್ಟಲಿಲ್ಲ. "ಅಂಚಿನ ಫೈಲು ತೆಗಿ ನೋಡಾಣ" ಅಂದೆ.

ತೆಗೆದ್ಲು. ನವಿಲಿನ ತಲೆ ಬಂತು, ಕತ್ತು ಬಂತು. ಅಲ್ಲಿಗೆ ಗಪ್. ಕಲ್ಲು.

ಮತ್ತೆ ಶುರು ಮಾಡಿದ್ವಿ, ಮತ್ತೆ ಕಲ್ಲು. ಹಳೇ ರೋಗ ಹೊಸ ಮನೆಗೂ ಗಂಟು ಮೂಟೆ ಕಟ್ಕೊಂಡು ಬಂದಿತ್ತು. ನಾನು ಮೊದಲೇ ಬಡ್ಕೊಂಡಿದ್ದೆ ಅಂತ ಬಾಯಿಗೆ ಬಂತು, ಅಕ್ಕನ ಮುಖ ನೋಡಿ ನುಂಗಿಕೊಂಡೆ. ಯಜಮಾನರು ಬಾಗಿಲಲ್ಲಿ ನಿಂತೇ ಎಲ್ಲ ನೋಡಿ, ಮಗ್ಗದ ಕಡೆ ಹೋದ್ರು. ಬ್ಯಾಟರಿ, ಇನ್ವರ್ಟರ್ ಅಲ್ಲೇ ಬಿಟ್ಟು ಕೊನೇ ಬಸ್ಸಿಗೆ ಚಳ್ಳಕೆರೆಗೆ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಹಾಸು ಕೂಡಿಸೋದು ನಾಳೆ ಬೆಳಗ್ಗೆಯಿಂದ ಸಂಜೆವರೆಗೆ. ನಂಗಿರೋದು ಅಷ್ಟೇ ಹೊತ್ತು.

ಮರುದಿನ ಮೊದಲ ಬಸ್ಸಿಗೇ ಹೋದೆ. ನಡುಮನೇಲಿ ಮಗ್ಗದ ಮುಂದೆ ಪಕ್ಕದ ಮನೆಯ ಇಬ್ಬರು ಹೆಂಗಸರು ಎದುರುಬದುರು ಕೂತು, ಎಳೆ ಜಾರದ ಹಾಗೆ ಬೆರಳಿಗೆ ಬೂದಿ ಮುಟ್ಟಿಸ್ಕೊಂತಾ, ಹಳೇ ತುದಿಗೆ ಹೊಸ ಎಳೆ ಇಟ್ಟು ಒಂದೊಂದೇ ಹೊಸೀತಿದ್ರು. ಅವರ ಬೆರಳುಗಳ ಓಟ ನೋಡಿದ್ರೆ ಕಣ್ಣು ತಿರುಗ್ತಿತ್ತು. ನಾನು ಸೀದಾ ಕಂಪ್ಯೂಟರ್ ಕಡೆ ಹೋದೆ. ಮೇಜಿನ ಪಕ್ಕದಲ್ಲಿ ಏನೋ ಇತ್ತು, ನಿನ್ನೆ ಇರಲಿಲ್ಲ. ಅಟ್ಟದಿಂದ ಇಳಿಸಿದ ರಾಟೆ. ಧೂಳು ಒರೆಸಿ, ಎಣ್ಣೆ ಬಿಟ್ಟು, ಕೂರೋ ಮಣೇನೂ ಹಾಕಿ ಇಟ್ಟಿದ್ರು.

ಅಕ್ಕ ಅದರ ಕಡೆ ನೋಡದ ಹಾಗೆ ನಿಂತಿದ್ಲು. ಕಣ್ಣು ಕೆಂಪಗಿದ್ವು.

ನಂಗೆ ತಡೆಯೋಕಾಗಲಿಲ್ಲ. "ಯಜಮಾನ್ರೇ, ಇನ್ನೂ ಸಂಜೆ ಆಗಿಲ್ಲ. ಇದನ್ನ ಯಾಕೆ ಇಲ್ಲಿ ತಂದಿಟ್ರಿ?"

"ಕೆಲ್ಸ ಆದ್ರೆ ಎತ್ತಿಡ್ತೀನಿ ಬಿಡಮ್ಮ" ಅಂದ್ರು, ಶಾಂತವಾಗಿ. "ಹಾಸು ಏರಿದ ಮೇಲೆ ಮಗ್ಗ ಸುಮ್ನೆ ನಿಲ್ಲಲ್ಲ. ಕಂಡಿಕೆ ಬೇಕೇ ಬೇಕು. ಯಾರಾದ್ರೂ ಸುತ್ತಬೇಕಲ್ಲ?"

"ಸರಿ ಹಂಗಾದ್ರೆ. ನಾನು ಇವತ್ತು ಬರಿದು ಮಾಡ್ತೀನಿ. ಹೇಳಿಬಿಟ್ಟೇ ಮಾಡ್ತೀನಿ."

ಅವರ ಹುಬ್ಬು ಮೇಲೇರಿತು. ನಾನು ಪಕ್ಕಕ್ಕಿಟ್ಟಿದ್ದ ಹಳೇ ಡಿಸ್ಕನ್ನ ಅವರ ಕೈಗೆ ಕೊಟ್ಟೆ. "ನಿಮ್ಮ ಮಗ್ಗ ಇದು. ಇದನ್ನ ನಾನು ಮುಟ್ಟಿಲ್ಲ, ಮುಟ್ಟೋದೂ ಇಲ್ಲ. ಎಲ್ಲಾ ಎಳೇನೂ ಇದರಲ್ಲಿ ಇದ್ದಂಗೇ ಐತೆ. ನಾನು ಬರಿದು ಮಾಡೋದು ಚಳ್ಳಕೆರೆಯಿಂದ ತಂದ ಡಿಸ್ಕು. ಅದು ನನ್ನದು. ಹಳೇ ಮಗ್ಗದ ಪಕ್ಕದಲ್ಲಿ ಒಂದು ಹೊಸ ಮಗ್ಗ ಹೂಡ್ತಿದೀನಿ ಅಂದ್ಕಳ್ರಿ."

ಅವರು ಡಿಸ್ಕನ್ನ ಅಂಗೈಯಲ್ಲಿ ತೂಗಿ ನೋಡಿದ್ರು. ತಿರುವಿ ನೋಡಿದ್ರು. "ಹೊಸ ಮಗ್ಗ ಹೂಡೋದಾದ್ರೆ ಬೇರೆ ಮಾತು" ಅಂದು ವಾಪಸ್ ಕೊಟ್ರು.

ಒರೆಸಿದೆ. ಆಹಾ, ಆ ಸುಖ! ಹಳೇ ಕಸವೆಲ್ಲ ಹೋಗಿ ಡಿಸ್ಕು ಬೋಳಾಯ್ತು. ಎಕ್ಸ್‌ಪಿ ಹೊಸದಾಗಿ ಹಾಕಿದೆ. ಯಂತ್ರ ಎದ್ದು ನಿಂತ ಚುರುಕು ನೋಡಿ ಅಕ್ಕ "ಇದು ನಮ್ಮದೇನಾ?" ಅಂದ್ಲು. ಹಳೇ ಡಿಸ್ಕನ್ನ ಎರಡನೇದಾಗಿ ಜೋಡಿಸಿ, ಅದರಿಂದ ಪ್ರೋಗ್ರಾಮಿನ ಫೋಲ್ಡರನ್ನೂ ಅಕ್ಕನ ಚಿತ್ರದ ಫೈಲುಗಳನ್ನೂ ಹಂಗೇ ಎತ್ತಿ ಹೊಸದಕ್ಕೆ ತಂದಿಟ್ಟೆ. ಎಲ್ಲರೂ ಹೇಳೋರು, ಹಾಗೆ ಎತ್ತಿ ತಂದ್ರೆ ಪ್ರೋಗ್ರಾಮು ಓಡೋದಿಲ್ಲ, ಅದರ ಬೇರು ಎಲ್ಲೆಲ್ಲೋ ಇರುತ್ತೆ ಅಂತ. ಸರಿಯಾಗೇ ಹೇಳ್ತಿದ್ರು. ಕ್ಲಿಕ್ ಮಾಡಿದೆ. ಟಣ್ ಅಂತ ಸದ್ದು, ಇಂಥಾ ಫೈಲು ಸಿಗ್ತಿಲ್ಲ ಅಂತ ಬರಹ.

ಆ ಹೆಸರಿನ ಫೈಲನ್ನ ಹಳೇ ಡಿಸ್ಕಲ್ಲಿ ಹುಡುಕಿದೆ. ಸಿಕ್ಕಿತು, ತಂದುಕೊಟ್ಟೆ. ಮತ್ತೆ ಕ್ಲಿಕ್, ಮತ್ತೆ ಟಣ್. ಇನ್ನೊಂದು ಫೈಲು ಬೇಕಂತೆ. ಅದನ್ನೂ ತಂದುಕೊಟ್ಟೆ. ಮತ್ತೆ ಟಣ್. ನಂಗೆ ರೇಗಿ ಹೋಯ್ತು. "ಲೇ, ಏನೇನು ಬೇಕು ಅಂತ ಒಂದೇ ಸಲ ಬೊಗಳಬಾರ್ದಾ!" ಅಂತ ಪರದೆಗೇ ಬಯ್ದೆ. ಎಳೆ ಹೊಸೀತಿದ್ದ ಹೆಂಗಸರು ಕೈ ನಿಲ್ಲಿಸದೆ ನಕ್ರು.

ಅಕ್ಕ ನನ್ನ ಹಿಂದೆ ಬಂದು ನಿಂತು, ಒಮ್ಮೆ ನನ್ನ ಕಡೆ, ಒಮ್ಮೆ ಅವರ ಕಡೆ ನೋಡಿದ್ಲು. "ಅವರೂ ಬೆಳಗಿಂದ ಅದೇ ಮಾಡ್ತಿದಾರೆ ಬಿಡು. ನೀನು ಹುಡುಕು, ನಾನು ಹೆಸರು ಓದಿ ಹೇಳ್ತೀನಿ" ಅಂತ ಪಕ್ಕದಲ್ಲೇ ಕೂತ್ಲು.

ಹಾಗೆ ಶುರುವಾಯ್ತು. ಅಕ್ಕ ಒಂದೊಂದೇ ಅಕ್ಷರ ಓದೋಳು, ನಾನು ಹುಡುಕೋಳು, ತಂದುಕೊಡೋಳು, ಕ್ಲಿಕ್, ಟಣ್. ಆ ಕಡೆ ಎಳೆಗೆ ಎಳೆ, ಈ ಕಡೆ ಫೈಲಿಗೆ ಫೈಲು. ಕರೆಂಟು ಹೋಯ್ತು, ಬಂತು, ನಾವು ತಲೆ ಎತ್ತಲಿಲ್ಲ. ಊಟಕ್ಕೆ ಕರೆದ್ರು, ಮುದ್ದೆ ತಟ್ಟೆ ಮೇಜಿನ ಮೇಲೇ ಬಂತು. ಒಂದು ಹೊತ್ತಿನಲ್ಲಿ ಟಣ್ ನಿಂತು ಬೇರೆ ಬರಹ ಬಂತು: ಪ್ರೋಗ್ರಾಮನ್ನ ಸರಿಯಾಗಿ ಹಾಕಿಲ್ಲ, ಮೊದಲಿಂದ ಹಾಕಿ ಅಂತ. ಸೀಡಿ ಇಲ್ಲದೆ ಮೊದಲಿಂದ ಹಾಕೋದು ಎಲ್ಲಿಂದ? ಅಷ್ಟರಲ್ಲಿ ನಡುಮನೆಯ ಹೆಂಗಸೊಬ್ಬಳು "ಇನ್ನೇನು ಇಷ್ಟೇ ಉಳೀತು" ಅಂದಿದ್ದು ಕೇಳಿಸ್ತು. ಅಕ್ಕನ ಕೈ ತಾನಾಗೇ ಹೋಗಿ ರಾಟೆಯ ಹಿಡಿ ಮೇಲೆ ಕೂತಿತ್ತು. ಅವಳಿಗೇ ಗೊತ್ತಿರಲಿಲ್ಲ.

ಆ ಕೈ ನೋಡಿ ನಂಗೆ ಎಲ್ಲಿಲ್ಲದ ಹಟ ಬಂತು. ಸೀಡಿ ಹಾಕಿದೋನು ಊರು ಬಿಟ್ಟಿರಬಹುದು, ಅವನು ಹಾಕಿದ ಗುರುತು ಹಳೇ ಡಿಸ್ಕು ಬಿಟ್ಟು ಹೋಗಿಲ್ವಲ್ಲ! ಹೊಸ ಡಿಸ್ಕು ಬಿಚ್ಚಿದೆ, ಹಳೇದನ್ನ ಮುಂದೆ ಹಾಕಿ ಯಂತ್ರ ಎಬ್ಬಿಸಿದೆ. ಯಾವ ಪ್ರೋಗ್ರಾಮು ಎಲ್ಲಿ ಕೂತಿದೆ, ಹೆಂಗೆ ಕೂತಿದೆ ಅಂತ ವಿಂಡೋಸು ತನ್ನೊಳಗೇ ಗುರುತು ಹಾಕಿಟ್ಟುಕೊಂಡಿರುತ್ತೆ. ಅದರಲ್ಲಿ ಅಕ್ಕನ ಪ್ರೋಗ್ರಾಮಿಗೆ ಸೇರಿದ್ದಷ್ಟನ್ನ ಮಾತ್ರ ಆರಿಸಿ ಒಂದು ಫ್ಲಾಪಿಗೆ ಇಳಿಸಿದೆ. ಬೇರೆ ಒಂದು ಕಸ ಕೂಡ ತರಲಿಲ್ಲ. ಮತ್ತೆ ಡಿಸ್ಕು ಬದಲಿಸಿ, ಫ್ಲಾಪಿ ಹಾಕಿ, ಹೊಸದಕ್ಕೆ ಆ ಗುರುತು ಕೂಡಿಸಿದೆ. "ಬಿಸ್ಮಿಲ್ಲಾ" ಅಂದೆ. ಅಕ್ಕ ತನ್ನ ದೇವರನ್ನ ನೆನೆದ್ಲು. ಕ್ಲಿಕ್.

ಟಣ್ ಅನ್ನಲಿಲ್ಲ. ಪ್ರೋಗ್ರಾಮು ತೆರೀತು.

"ಅಂಚು ತೆಗಿ" ಅಂದೆ. ಒಂದು ವೇಳೆ ರೋಗ ಇರೋದು ಯಂತ್ರದಲ್ಲೇ ಆಗಿದ್ರೆ? ಆಗ ಫಾರ್ಮ್ಯಾಟ್ ಮಾಡಿದ್ರೇನು, ಬಿಟ್ರೇನು? ಅಕ್ಕ ಫೈಲು ಒತ್ತಿದ್ಲು. ನವಿಲಿನ ತಲೆ ಬಂತು, ಕತ್ತು ಬಂತು. ನಾವಿಬ್ಬರೂ ಪರದೆ ಹತ್ರಕ್ಕೆ ಬಗ್ಗಿದ್ವಿ. ರೆಕ್ಕೆ ಬಂತು. ಗರಿ ಬಂತು, ಬಾಲ ಬಂತು, ಬಾಲದ ಹಿಂದೆ ಬಳ್ಳಿ, ಬಳ್ಳಿ ಹಿಂದೆ ಇನ್ನೊಂದು ನವಿಲು, ಪರದೆ ತುಂಬಾ ನವಿಲೋ ನವಿಲು!

"ಬಂತು! ದೇವುಡಾ, ಬಂತು!" ಅಂತ ಅಕ್ಕ ಕೂಗಿದ ಕೂಗಿಗೆ ಹೊಸೀತಿದ್ದ ಹೆಂಗಸರು ಬೂದಿ ಕೈಯಲ್ಲೇ ಎದ್ದು ಬಂದ್ರು. ನಾನು ಕುರ್ಚಿ ಹಿಂದಕ್ಕೆ ತಳ್ಳಿ ನಿಂತು ಕುಣಿದೇಬಿಟ್ಟೆ. ನಾಚಿಕೆ ಗೀಚಿಕೆ ಏನೂ ಆಗಲಿಲ್ಲ. ಗೆದ್ದಿದ್ದೆ ನಾನು! ಹಳೇದರ ಮೇಲೆ ಹೊಸದು ಹೇರಿ ಅಲ್ಲ, ಹಳೇದನ್ನ ಬಿಸಾಕಿಯೂ ಅಲ್ಲ. ಪೂರ್ತಿ ಬಿಚ್ಚಿ, ತೊಳೆದು, ಆಮೇಲೆ ಬೇಕಾದ್ದನ್ನಷ್ಟೇ ಒಂದೊಂದಾಗಿ ಕೂಡಿಸಿ ಗೆದ್ದಿದ್ದೆ. ಅಬ್ಬಾ ಅಲ್ಲಿದ್ದಿದ್ರೆ ಪಾನಾ ಎತ್ತಿ ಶಭಾಷ್ ಅಂತಿದ್ದ.

ಅಕ್ಕ ಆಗಲೇ ಮೌಸು ಹಿಡಿದು, ಅರ್ಧಕ್ಕೆ ನಿಂತಿದ್ದ ಕೊನೇ ಬಳ್ಳಿಯ ಚೌಕ ತುಂಬೋಕೆ ಶುರು ಮಾಡಿದ್ಲು. ಯಂತ್ರ ಎಲ್ಲೂ ನಿಲ್ಲಲಿಲ್ಲ. ಮುಗಿದಷ್ಟನ್ನ ಪ್ರಿಂಟರಿಗೆ ಕೊಟ್ವಿ. ಅದು ಕರ್ ಕರ್ ಅಂತ ಹಾಳೆ ಉಗುಳ್ತು. ಯಜಮಾನರು ಆ ಹಾಳೆಯನ್ನ ಬಾಗಿಲ ಬೆಳಕಿಗೆ ಹಿಡಿದು, ಬೆರಳಿಂದ ಒಂದೊಂದು ಸಾಲನ್ನ ಸವರಿ ನೋಡಿದ್ರು. ಬಹಳ ಹೊತ್ತು ನೋಡಿದ್ರು. ನಡುಮನೇಲಿ ಹೆಂಗಸರು ಕೊನೇ ಎಳೆ ಹೊಸೆದು ಸೊಂಟ ಹಿಡ್ಕೊಂಡು ಎದ್ರು. ಮಗ್ಗ ಎಳೆದಾಗ ಹೊಸ ಹಾಸು ಹಳೇ ದಾರೀಲಿ ಸರಸರ ಅಂತ ಬಂತು. ಎರಡೂ ಕೆಲಸ ಒಂದೇ ಹೊತ್ತಿಗೆ ಮುಗಿದಿದ್ವು.

"ಕಾರ್ಡು ಹೊಡೆಯೋನಿಗೆ ಇದನ್ನ ನಾನೇ ಕೊಟ್ಟು ಬರ್ತೀನಿ" ಅಂದ್ರು ಯಜಮಾನರು. ಹಾಳೆ ಮಡಚಿ ಜೇಬಿಗೆ ಹಾಕ್ಕೊಂಡ್ರು. ಆಮೇಲೆ ಮೇಜಿನ ಹತ್ರ ಬಂದು ರಾಟೆಗೆ ಕೈ ಹಾಕಿದ್ರು. ಅಕ್ಕನ ಬೆರಳು ಮೌಸಿನ ಮೇಲೇ ನಿಂತು ಹೋಯ್ತು.

"ಮಾಮಯ್ಯ, ಉಳಿದ ಚೂರು ಬಳ್ಳಿ ಮುಗಿಸಿ ಕಂಡಿಕೆ ಸುತ್ತೋಕೆ ಕೂತ್ಕೊಂತೀನಿ" ಅಂದ್ಲು ಗಾಬರಿಯಿಂದ.

ಅವರು ರಾಟೆ ಎತ್ತಿಕೊಂಡು ಹೋಗಿ ಮಗ್ಗದ ಬುಡದಲ್ಲಿ ಇಟ್ರು. ಮತ್ತೆ ಬಂದು ಮಣೆಯನ್ನೂ ತಗೊಂಡು ಹೋದ್ರು. ಅಟ್ಟಕ್ಕೆ ಏರಿಸ್ತಾರೇನೋ ಅಂತ ನಾನು ನೋಡ್ತಾ ಇದ್ರೆ, ಅವರು ಪಂಚೆ ಮೇಲಕ್ಕೆ ಕಟ್ಟಿ ಆ ಮಣೆ ಮೇಲೆ ತಾವೇ ಕೂತ್ರು. ಕಂಡಿಕೆ ಸಿಕ್ಕಿಸಿದ್ರು, ನೂಲಿನ ತುದಿ ಹಿಡಿದ್ರು.

"ನೀನು ನಿನ್ನ ಬಳ್ಳಿ ಮುಗಿಸವ್ವ" ಅಂದ್ರು ತಲೆ ಎತ್ತದೆ. "ಕಂಡಿಕೆ ನಾನು ಸುತ್ಕೊಂತೀನಿ."

ಬ್ಯಾಟರಿ, ಇನ್ವರ್ಟರ್ ಆಮೇಲೆ ಕಳಿಸ್ರಿ ಅಂದು ನಾನು ಚೀಲ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದಾಗ, ಬೀದಿ ತಿರುವಿನವರೆಗೂ ಆ ರಾಟೆಯ ಗಿರಗಿರ ಕೇಳಿಸ್ತಿತ್ತು. ಅದನ್ನ ತಿರುಗಿಸ್ತಾ ಇದ್ದಿದ್ದು ಮಾತ್ರ ಅಕ್ಕ ಅಲ್ಲ.